ನಾನು ಕೇಳದ ಸದ್ದನ್ನು ಕೇಳಿಸಿಕೊಂಡವರಿಗೆ

ಕಳೆದ ವಾರ ಹಾಸನದ ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಒಂದು ಗಂಟೆಗೂ ಮಿಕ್ಕಿ ಗಮಕ ವಾಚನ ಮಾಡಿದೆ. ‘ಆ’ಕಾರವನ್ನು ಎಳೆಯುವಾಗ ದವಡೆಯ ಕೀಲು ನೋಯಲಿಲ್ಲ, ಕಿವಿಯ ಮುಂದೆ ‘ಕಟಕ್’ ಎನ್ನುವ ಸದ್ದೂ ಬರಲಿಲ್ಲ. ಮುಗಿದ ಮೇಲೆ ಅನೇಕರು ಬಂದು ಮಾತನಾಡಿಸಿದಿರಿ. ಮನಸ್ಸು ತುಂಬಿ ಬಂದಿದ್ದರಿಂದ ಅಂದು ಯಾರಿಗೂ ಸರಿಯಾಗಿ ಉತ್ತರಿಸಲಾಗಲಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ದವಡೆಯ ಕೀಲಿನ ನೋವು, ಹೀಗೆ ನನ್ನ ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿರುವುದೇ ಆದ್ದರಿಂದ ಅದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ.

ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳಲು ಗಟ್ಟಿ ಅಕ್ರಿಲಿಕ್ಕಿನ ಕವಚ, ಅಂದರೆ ಸ್ಪ್ಲಿಂಟ್ ಮಾಡಿಕೊಟ್ಟು, ಹೋದಾಗಲೆಲ್ಲ ಬಣ್ಣದ ಕಾಗದ ಕಚ್ಚಿಸಿ ನೋಡಿ ತಾಳ್ಮೆಯಿಂದ ಅದನ್ನು ತೀಡಿದ ದಂತವೈದ್ಯೆಗೆ, ದವಡೆಯ ವ್ಯಾಯಾಮ ಹೇಳಿಕೊಟ್ಟ ಫಿಸಿಯೊಥೆರಪಿಸ್ಟ್‌ಗೆ, ಬೇರೆ ವಾಚಕರನ್ನು ಹುಡುಕಿಕೊಳ್ಳದೆ ನನಗಾಗಿ ಕಾದ ನಮ್ಮ ವ್ಯಾಖ್ಯಾನಕಾರರಿಗೆ, ಗಂಜಿ, ತಿಳಿಸಾರು ಕಳುಹಿಸಿದ ನೆರೆಮನೆಯವರಿಗೆ, ಅಡುಗೆಮನೆಯನ್ನೂ ಮಕ್ಕಳನ್ನೂ ನೋಡಿಕೊಂಡ ನಮ್ಮ ಯಜಮಾನರಿಗೆ ನಾನು ಋಣಿ.

ಹೆಚ್ಚು ಬರೆಯಬೇಕಾದದ್ದು ನನ್ನ ಓರಗಿತ್ತಿಯ ವಿಷಯ. ಮದುವೆಯಾಗಿ ಬಂದ ದಿನದಿಂದ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ.

ಆಕಳಿಸಲು ತೆರೆದ ಬಾಯಿ ಮುಚ್ಚದೆ ನಿಂತುಹೋದ ಆ ರಾತ್ರಿ ಯಜಮಾನರು ಊರಿನಲ್ಲಿರಲಿಲ್ಲ. ಕೆಳದವಡೆಯ ತುದಿ ತನ್ನ ಗುಳಿಯಿಂದ ಜಾರಿ, ಮುಂದಿನ ಮೂಳೆಯ ಉಬ್ಬನ್ನು ದಾಟಿ ಸಿಕ್ಕಿಕೊಂಡಿದೆ ಎಂಬುದು ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ಗೊತ್ತಾದದ್ದು ಮಾತು ಹೊರಡುತ್ತಿಲ್ಲ, ಉಗುಳು ನುಂಗಲಾಗುತ್ತಿಲ್ಲ ಎಂಬುದಷ್ಟೆ. ಅಕ್ಕ ಏನಾಯಿತೆಂದು ಎರಡನೆಯ ಸಲ ಕೇಳಲಿಲ್ಲ. ಹೆಗಲಿಗೊಂದು ಟವೆಲ್ ಹಾಕಿಕೊಂಡು, ಕೈಗೆ ಸಿಕ್ಕ ಮಗಳ ನೋಟ್‌ಬುಕ್ಕನ್ನೂ ಪೆನ್ನನ್ನೂ ನನ್ನ ಮಡಿಲಿಗೆ ಇಟ್ಟು ಆಟೊ ಹತ್ತಿಸಿದರು. ರಸ್ತೆಯ ಹಂಪು ಬಂದಾಗಲೆಲ್ಲ ನನ್ನ ಗದ್ದವನ್ನು ಎರಡೂ ಅಂಗೈಗಳಲ್ಲಿ ಕೆಳಗಿನಿಂದ ಆತು ಹಿಡಿಯುತ್ತಿದ್ದರು. ಸುರಿಯುತ್ತಿದ್ದ ಜೊಲ್ಲನ್ನು, ಎಳೆಮಗುವಿಗೆ ಒರೆಸುವಂತೆ, ಒಂದಿಷ್ಟೂ ಅಸಹ್ಯಪಡದೆ ಒರೆಸುತ್ತಿದ್ದರು. ಮೊದಲು ಹೋದ ಆಸ್ಪತ್ರೆಯಲ್ಲಿ ದಂತವೈದ್ಯರು ಬೆಳಿಗ್ಗೆ ಬರುತ್ತಾರೆ, ಆಗ ಬನ್ನಿ ಎಂದರು. “ಅಲ್ಲಿ ತನಕ ಇವಳು ಹೀಗೇ ಬಾಯಿ ತೆರಕೊಂಡು ಕೂತಿರಬೇಕೇನಪ್ಪ?” ಎಂದು ಕೇಳಿದ ಅಕ್ಕ ಉತ್ತರಕ್ಕೂ ಕಾಯದೆ ನನ್ನನ್ನು ಇನ್ನೊಂದು ಕಡೆಗೆ ಕರೆದೊಯ್ದರು. ಅಲ್ಲಿನ ವೈದ್ಯರು ಹೆಬ್ಬೆರಳುಗಳಿಗೆ ಗಾಜ್ ಬಟ್ಟೆ ಸುತ್ತಿಕೊಂಡು, ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು ಕೆಳಕ್ಕೊತ್ತಿ ಹಿಂದಕ್ಕೆ ತಳ್ಳಿದರು. ಸ್ನಾಯುಗಳು ಬಿಗಿದುಕೊಂಡಿದ್ದರಿಂದ ಮೊದಲ ಸಲ ಕೂರಲಿಲ್ಲ. ಇಂಜೆಕ್ಷನ್ ಕೊಟ್ಟು ಮತ್ತೆ ಒತ್ತುವಾಗ ನನ್ನ ತಲೆ ಅಲುಗದಂತೆ ಹಿಂದಿನಿಂದ ಹಿಡಿದುಕೊಂಡಿದ್ದವರೂ ಅಕ್ಕನೇ.

ಅದಾದ ಮೇಲೆ ನನಗೆ ನಿದ್ದೆ ಎಂದರೆ ಹೆದರಿಕೆಯಾಯಿತು. ಆಕಳಿಕೆ ಬಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಇನ್ನು ಮುಂದೆ ಹಾಡಲಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಾಗ ಅಕ್ಕ ಆ ಹಾಳೆಯನ್ನು ಹರಿದು ಮಡಿಸಿ ತಮ್ಮ ಪರ್ಸಿಗೆ ಹಾಕಿಕೊಂಡರು, ಒಂದು ಮಾತೂ ಆಡಲಿಲ್ಲ. ಅಂದಿನಿಂದ ನನ್ನ ಕೋಣೆಯಲ್ಲೇ ಚಾಪೆ ಹಾಸಿ ಮಲಗತೊಡಗಿದರು. ನಾನು ರಾತ್ರಿ ಹಲ್ಲು ಕಡಿದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು, ಗೊರಕೆ ಬಂದಿತ್ತೇ ಎಂಬುದನ್ನೂ ಬರೆದಿಟ್ಟರು. ಆ ಕ್ಯಾಲೆಂಡರನ್ನು ದಂತವೈದ್ಯೆಗೆ ತೋರಿಸಿದಾಗ ಅವರು ಬಹಳ ಹೊತ್ತು ಅದನ್ನೇ ನೋಡಿದರು. ಗೊರಕೆಯ ಗುರುತುಗಳಿಂದಾಗಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಿ, ಇಲ್ಲವೆಂದು ಖಚಿತಪಡಿಸಿಕೊಂಡರು.

ನಿದ್ದೆಯಲ್ಲಿ ಹಲ್ಲು ಕಡಿಯುವ ಈ ತೊಂದರೆಯ ಸ್ವಭಾವವೇ ಹಾಗೆ. ಹಲ್ಲು ಸವೆಯುವುದು, ಬೆಳಿಗ್ಗೆ ಕೆನ್ನೆಯ ಸ್ನಾಯು ಕಲ್ಲಿನಂತಾಗುವುದು, ಕಿವಿನೋವೆಂದು ಕಿವಿಯ ವೈದ್ಯರಲ್ಲಿಗೆ ಅಲೆಯುವುದು, ಇವೆಲ್ಲ ನನ್ನ ಪಾಲಿನವು. ಆದರೆ ಅದರ ಸದ್ದನ್ನು ನಾನು ಒಮ್ಮೆಯೂ ಕೇಳಿದವಳಲ್ಲ. ಪಕ್ಕದಲ್ಲಿ ಮಲಗಿದವರೇ ಅದಕ್ಕೆ ಸಾಕ್ಷಿ. ಅಕ್ಕ ತಮ್ಮ ನಿದ್ದೆಗೆಟ್ಟು ನನ್ನ ಪರವಾಗಿ ಅದನ್ನು ಕೇಳಿಸಿಕೊಂಡರು, ಬೆಳಿಗ್ಗೆ ಎದ್ದು ನಿದ್ದೆಯಾಗಲಿಲ್ಲವೆಂದು ಒಂದು ದಿನವೂ ಹೇಳಲಿಲ್ಲ.

ಹಗಲಿನಲ್ಲೂ ಅವರ ಕಾವಲಿತ್ತು. ‘ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ’ ಎಂದು ದಂತವೈದ್ಯೆ ಹೇಳಿದ್ದನ್ನು ನಾನು ಮರೆತರೂ ಅಕ್ಕ ಮರೆಯಲಿಲ್ಲ. ತರಕಾರಿ ಹೆಚ್ಚುವಾಗ ನನ್ನ ಕೆನ್ನೆ ಬಿಗಿದದ್ದು ಕಂಡರೆ ಸಾಕು, “ಹಲ್ಲು ಬಿಡೇ” ಎನ್ನುತ್ತಿದ್ದರು. ಸಂಜೆಯ ಕಾಫಿ ನನಗೆ ನಿಂತ ದಿನವೇ ಅವರೂ ಬಿಟ್ಟರು. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಎಂಥ ತ್ಯಾಗವೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಗಿಯದೆ ನುಂಗಬಹುದಾದ ಊಟವೆಂದು ದಿನಾ ಮೆತ್ತಗೆ ಮುದ್ದೆ ತಿರುವಿ, ಬಸ್ಸಾರಿನ ಜೊತೆ ಸಣ್ಣ ಸಣ್ಣ ತುತ್ತು ಮಾಡಿಟ್ಟರು.

ಹೊಟ್ಟೆಯಲ್ಲಿ ಜಂತುಹುಳ ಇರಬೇಕು ಎಂದವರ, ಮನಸ್ಸಿನಲ್ಲಿ ಯಾರ ಮೇಲೋ ಸಿಟ್ಟು ಇಟ್ಟುಕೊಂಡಿದ್ದಾಳೆ ಎಂದವರ ಮಾತುಗಳು ನನ್ನನ್ನು ಬಹಳ ನೋಯಿಸಿದ್ದವು. ಬೇರೆ ಕಾಯಿಲೆ ಇಲ್ಲದವರಲ್ಲಿ ಹಲ್ಲು ಕಡಿಯುವುದನ್ನು ರೋಗವೆಂದಲ್ಲ, ಹಲ್ಲಿಗೂ ಕೀಲಿಗೂ ಅಪಾಯ ತರಬಹುದಾದ ಸ್ನಾಯುಗಳ ಒಂದು ವರ್ತನೆಯೆಂದು ನೋಡಬೇಕೆಂದು 2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಬರೆದಿದ್ದಾರೆಂದು ದಂತವೈದ್ಯೆ ವಿವರಿಸಿದಾಗ ನಾನು ಅವರೆದುರೇ ಅತ್ತುಬಿಟ್ಟೆ. ಅಕ್ಕನಿಗೆ ಆ ವಿವರಣೆ ಬೇಕಾಗಿರಲಿಲ್ಲ. ಮೊದಲಿನಿಂದಲೂ ಅವರು ನನ್ನಲ್ಲಿ ತಪ್ಪು ಹುಡುಕಿದವರೇ ಅಲ್ಲ.

ಸ್ಪ್ಲಿಂಟ್ ಹಲ್ಲನ್ನು ಕಾಯುತ್ತದೆಯೇ ಹೊರತು ಕಡಿಯುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ರಾತ್ರಿ ಅದನ್ನು ಇನ್ನೂ ಹಾಕಿಕೊಳ್ಳುತ್ತಿದ್ದೇನೆ, ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಳ್ಳುತ್ತೇನೆ. ಬಾಯಿ ಈಗ 40 ಮಿಲಿಮೀಟರ್ ತೆರೆಯುತ್ತದೆ, ವಾಚನಕ್ಕೆ ಅಷ್ಟು ಸಾಕು. ಇಷ್ಟು ತಿಂಗಳು ಮಕ್ಕಳನ್ನು ಬೇರೆಡೆಗೆ ಸೇರಿಸದೆ ನನ್ನ ಗಮಕ ತರಗತಿಯಲ್ಲೇ ಉಳಿಸಿಕೊಂಡ ಪೋಷಕರಿಗೆ ವಂದನೆಗಳು. ಭಾನುವಾರದ ಆ ತರಗತಿ ಬರುವ ವಾರದಿಂದ ಹಿಂದಿನ ಸಮಯಕ್ಕೇ ನಡೆಯುತ್ತದೆ.