ಬೆಳಗಿನ ಜಾವ ಕ್ರೀಡಾಂಗಣದ ಗೇಟು ತೆರೆಯಲಿ

ಮಾನ್ಯರೇ,

ಔಷಧ ಕಂಪನಿಯ ಪ್ರತಿನಿಧಿಯಾಗಿ ಗದಗ, ಬಾಗಲಕೋಟೆ, ವಿಜಯಪುರ ಅಂತ ಸದಾ ತಿರುಗಾಟದಲ್ಲಿರುತ್ತೇನೆ. 42.195 ಕಿ.ಮೀ. ಮ್ಯಾರಥಾನ್ ಓಟವೆಂದರೆ ನನಗೆ ಪ್ರಾಣ. ಹುಬ್ಬಳ್ಳಿಯಲ್ಲಿದ್ದರೆ ನೃಪತುಂಗ ಬೆಟ್ಟ ಇದೆ, ಚಿಂತೆಯಿಲ್ಲ. ಪರಊರಿನಲ್ಲೇ ಕಷ್ಟ.

ಕಳೆದ ಮಳೆಗಾಲದಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಟೆಂಡನ್) ಊದಿಕೊಂಡಿತು. ಓಟ ನಿಲ್ಲಿಸಿ, ಆದರೆ ವ್ಯಾಯಾಮ ಬಿಡಬೇಡಿ ಎಂದರು ಫಿಸಿಯೋಥೆರಪಿಸ್ಟ್. ಲಾಡ್ಜಿನ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತಿದ್ದೆ. ಮೀನಖಂಡ ನಡುಗುತ್ತಿತ್ತು. ಜೊತೆಗೆ ಜಿಮ್ಮಿನ ಸೈಕಲ್ ತುಳಿದೆ, ದಮ್ಮು ಉಳಿಯಿತು. ಎರಡು ಮೂರು ವಾರ ಸುಮ್ನೆ ಕೂತರೆ ಸಾಕು, ದಮ್ಮು ಇಳಿಯುತ್ತಾ ಹೋಗುತ್ತದೆ. ಪುರುಸೊತ್ತಿಲ್ಲದಾಗ ಓಡುವ ದಿನ ಕಡಿಮೆಯಾದರೂ ಪರವಾಗಿಲ್ಲ, ಓಟದ ಬಿರುಸು ಕಡಿಮೆಯಾಗಬಾರದು.

ಈಗ ಮತ್ತೆ ಓಡುತ್ತಿದ್ದೇನೆ. ಆದರೆ ಎಲ್ಲಿ ಓಡುವುದು? ಮೊನ್ನೆ ಒಂದು ಊರಲ್ಲಿ ಬೆಳಗ್ಗೆ ಐದಕ್ಕೇ ಹೋದರೆ ಕ್ರೀಡಾಂಗಣಕ್ಕೆ ಬೀಗ. ಆರೂವರೆಗೆ ತೆರೆಯುತ್ತಾರಂತೆ! ಅಷ್ಟೊತ್ತಿಗೆ ನಾವು ಬಸ್ ಸ್ಟ್ಯಾಂಡಿನಲ್ಲಿರಬೇಕು. ಕತ್ತಲಲ್ಲಿ ಹೆದ್ದಾರಿ ಬದಿಯಲ್ಲಿ ಲಾರಿಗಳ ನಡುವೆ ಓಡುವುದು ಅಪಾಯ ಅಲ್ವಾ? ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರೂ ಅದೇ ರಸ್ತೆಯಲ್ಲಿ ಓಡುತ್ತಿದ್ದರು. ಅವರನ್ನು ನೋಡಿ ಜೀವ ಜಾಸ್ತಿ ಹೆದರಿತು.

ಜಿಲ್ಲಾ, ತಾಲ್ಲೂಕು ಕ್ರೀಡಾಂಗಣಗಳನ್ನು ಬೆಳಗ್ಗೆ ಐದಕ್ಕೇ ತೆರೆಯಿರಿ. ಟ್ರ್ಯಾಕಿನ ಸುತ್ತ ನಾಲ್ಕು ದೀಪ ಹಾಕಿಸಿ. ಕ್ರೀಡಾ ಇಲಾಖೆ ಇಷ್ಟು ಮಾಡಿಕೊಡಲಿ.

– ಓಟದ ಅಭ್ಯಾಸಿ, ಹುಬ್ಬಳ್ಳಿ