ಮಗುವಿನ ಕಣ್ಣು ಊದಿದರೆ ಮೊದಲು ಮೂತ್ರ ನೋಡಿ

ಮಾನ್ಯ ಸಂಪಾದಕರೇ,

ಪ್ರತಿ ಮಾರ್ಚ್‌ನ ಎರಡನೇ ಗುರುವಾರ, ವಿಶ್ವ ಮೂತ್ರಪಿಂಡ ದಿನದಂದು, ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ ಕಲ್ಲು, ‘ನೀರು ಹೆಚ್ಚು ಕುಡಿಯಿರಿ’ ಎಂಬ ಬರಹಗಳು ತಪ್ಪದೆ ಬರುತ್ತವೆ. ಪುಟ್ಟ ಮಕ್ಕಳ ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದುವ ನೆಫ್ರೋಟಿಕ್ ಸಿಂಡ್ರೋಮ್ ಬಗ್ಗೆ ಮಾತ್ರ ಸಾಲೊಂದು ಕಂಡರೆ ಹೆಚ್ಚು. ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕೆಲವರಿಗಷ್ಟೇ ಬರುವ ಕಾಯಿಲೆ, ನಿಜ. ಬಂದಾಗ ಸುಳಿವು ಹಿಡಿಯಲು ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಒಂದು ಸ್ಟ್ರಿಪ್, ಒಂದು ನಿಮಿಷ ಸಾಕು.

ಹೆಚ್ಚಾಗಿ ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಇದು ಶುರುವಾಗುತ್ತದೆ. ಬೆಳಿಗ್ಗೆ ಏಳುವಾಗ ಎರಡೂ ಕಣ್ಣಿನ ರೆಪ್ಪೆ ಊದಿರುತ್ತದೆ, ಸಂಜೆಗೆ ಇಳಿದಿರುತ್ತದೆ. ಮೋಸ ಹೋಗುವುದು ಇಲ್ಲೇ. ‘ಹುಳ ಕಚ್ಚಿರಬೇಕು’, ‘ಧೂಳಿನ ಅಲರ್ಜಿ’ ಎಂದು ಸಿರಪ್ ಕುಡಿಸುತ್ತಾರೆ. ಸಂಜೆ ಊತ ಇಳಿದದ್ದಕ್ಕೆ ಸಿರಪ್ಪಿಗೆ ಒಳ್ಳೆಯ ಹೆಸರು! ಮಲಗಿದ್ದಾಗ ಮುಖದಲ್ಲಿ ನಿಂತ ನೀರು ಓಡಾಡಿದ ಮೇಲೆ ಕಾಲಿಗೆ ಇಳಿದಿರುತ್ತದೆ, ಅಷ್ಟೆ. ಸಂಜೆ ಕಾಲುಚೀಲ ಬಿಚ್ಚಿ ನೋಡಿ: ಎಲಾಸ್ಟಿಕ್ ಕೂತ ಜಾಗದಲ್ಲಿ ಆಳವಾದ ಗೆರೆ ಬಿದ್ದಿರುತ್ತದೆ. ಅಲರ್ಜಿಯಾದರೆ ಕಣ್ಣು ತುರಿಸುತ್ತದೆ, ಕೆಂಪಾಗುತ್ತದೆ. ಇದರಲ್ಲಿ ತುರಿಕೆ ಇರದು. ಮೂತ್ರ ಕಡಿಮೆಯಾಗುತ್ತದೆ, ನೊರೆ ನೊರೆಯಾಗಿರುತ್ತದೆ. ತೂಕ ಏರುತ್ತದೆ, ಮಗು ಮೈಕೈ ತುಂಬಿಕೊಂಡಿದೆ ಎಂದು ಮನೆಯವರು ಸಂತೋಷಪಡುವುದೂ ಉಂಟು.

ಆಗುವುದಿಷ್ಟು: ಮೂತ್ರಪಿಂಡದ ಜರಡಿ ಸಡಿಲವಾಗಿ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ, ಮೈಯಲ್ಲಿ ನೀರು ತುಂಬುತ್ತದೆ. ಊತವಿರುವ ಈ ಮಕ್ಕಳಿಗೆ ‘ನೀರು ಹೆಚ್ಚು ಕುಡಿಸಿ’ ಎಂಬ ಸಲಹೆಯೇ ತಪ್ಪು.

ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರವೇ ಬೇಕು; ಆಮೇಲಿನದು ತೆಳುವಾಗಿದ್ದು ಪ್ರೋಟೀನ್ ಕಾಣದೆ ಹೋಗಬಹುದು. ಸ್ಟ್ರಿಪ್ ಅದ್ದಿ ತೆಗೆದು, ಹೆಚ್ಚಿನ ಹನಿ ಒರೆಸಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡು ಕಾದು ಬಣ್ಣ ಹೋಲಿಸಿ. ಹಳದಿ ಇದ್ದರೆ ಪ್ರೋಟೀನ್ ಇಲ್ಲ, ಹಸಿರು ಗಾಢವಾದಷ್ಟೂ ಹೆಚ್ಚು. ಐದು ನಿಮಿಷ ಬಿಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿಯ ಸ್ಟ್ರಿಪ್ಪುಗಳು ಕೆಡುತ್ತವೆ. ಸ್ಟ್ರಿಪ್ ದುಬಾರಿ ಎನಿಸಿದರೆ ಗಾಜಿನ ಕೊಳವೆಯಲ್ಲಿ 2 ಎಂ.ಎಲ್. ಮೂತ್ರಕ್ಕೆ ಅಷ್ಟೇ ಪ್ರಮಾಣದ 3% ಸಲ್ಫೋಸ್ಯಾಲಿಸಿಲಿಕ್ ಆಮ್ಲ ಬೆರೆಸಿ, ಕೊಳವೆಯ ಹಿಂದೆ ಈ ಪತ್ರಿಕೆಯನ್ನೇ ಹಿಡಿದು ನೋಡಿ. ಅಕ್ಷರ ಕಾಣದಷ್ಟು ಬೆಳ್ಳಗಾದರೆ ಪ್ರೋಟೀನ್ ಬಹಳ ಹೋಗುತ್ತಿದೆ.

ಮೊದಲ ಚಿಕಿತ್ಸೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ. ತೂಕದ ಕಿಲೋಗೆ 2 ಮಿ.ಗ್ರಾಂ. ಲೆಕ್ಕದಲ್ಲಿ (ದಿನಕ್ಕೆ 60 ಮೀರದಂತೆ) ವೈದ್ಯರು ಆರು ವಾರ ದಿನವೂ ಕೊಡುತ್ತಾರೆ, ಮುಂದಿನ ಆರು ವಾರ ಪ್ರಮಾಣ ತಗ್ಗಿಸಿ ದಿನ ಬಿಟ್ಟು ದಿನ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸ್ಪಂದಿಸುತ್ತಾರೆ. ತೊಡಕು ಶುರುವಾಗುವುದು ಆಗಲೇ. ಊತ ಇಳಿದಿದೆ, ಮಾತ್ರೆಯಿಂದ ಮುಖ ದುಂಡಗಾಗಿದೆ, ‘ಸ್ಟಿರಾಯ್ಡ್ ಅಂತೆ’ ಎಂದು ಯಾರೋ ಹೆದರಿಸಿರುತ್ತಾರೆ; ಮಾತ್ರೆ ದಿಢೀರನೆ ನಿಲ್ಲುತ್ತದೆ. ಹಾಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದೊಂದೇ ಅಲ್ಲ. ಮೈಗೆ ಬೇಕಾದ ಸ್ಟಿರಾಯ್ಡನ್ನು ತಾನೇ ತಯಾರಿಸುವ, ಮಾತ್ರೆಯಿಂದಾಗಿ ಅಷ್ಟು ದಿನ ಸುಮ್ಮನಿದ್ದ ಅಡ್ರಿನಲ್ ಗ್ರಂಥಿ ತಕ್ಷಣ ಎಚ್ಚೆತ್ತುಕೊಳ್ಳದೆ, ಒಂದು ಜ್ವರ ವಾಂತಿಗೂ ಬಿ.ಪಿ. ಕುಸಿಯಬಹುದು.

ಪೂರ್ತಿ ಚಿಕಿತ್ಸೆ ಪಡೆದವರಲ್ಲೂ ಮರುಕಳಿಸುವುದು ಸಾಮಾನ್ಯ, ಹೆಚ್ಚಾಗಿ ನೆಗಡಿಯ ಬೆನ್ನಿಗೆ. ಅದಕ್ಕೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮೂತ್ರದ ಫಲ, ತೂಕ, ಮಾತ್ರೆ ಬರೆದಿಡಬೇಕು. ಒಂದು ದಿನ ಪ್ರೋಟೀನ್ 2+ (ಪ್ಲಸ್ ಸಂಖ್ಯೆ ಏರಿದಷ್ಟೂ ಪ್ರೋಟೀನ್ ಹೆಚ್ಚು) ಬಂದರೆ ಗಾಬರಿ ಬೇಡ. ಸತತ ಮೂರು ದಿನ 3+ ಬಂದರೆ, ಊತ ಕಾಣುವವರೆಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಜ್ವರದೊಂದಿಗೆ ಹೊಟ್ಟೆನೋವು, ಒಂದೇ ಕಾಲು ಊದುವುದು, ತೀವ್ರ ತಲೆನೋವು ಕಂಡರೆ ಅದೇ ದಿನ ಆಸ್ಪತ್ರೆ: ಸೋಂಕೋ ರಕ್ತ ಹೆಪ್ಪುಗಟ್ಟಿದ್ದೋ ಇರಬಹುದು. ಊತವಿರುವಷ್ಟು ದಿನ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಬೇಡ. ಸೋರಿದ್ದನ್ನು ತುಂಬಲು ಡಬ್ಬಿಯ ಪ್ರೋಟೀನ್ ಪುಡಿಯೂ ಬೇಡ, ಬೇಳೆ, ಮೊಟ್ಟೆಯ ಮಾಮೂಲಿ ಊಟ ಸಾಕು.

ಆರೋಗ್ಯ ಇಲಾಖೆಗೆ ನಮ್ಮ ಕೋರಿಕೆ ಒಂದೇ. ಗರ್ಭಿಣಿಯರ ತಪಾಸಣೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮೂತ್ರದ ಆಲ್ಬುಮಿನ್ ಸ್ಟ್ರಿಪ್ ಹೇಗೂ ಬರುತ್ತದೆ. ಕಣ್ಣು ಊದಿದ ಮಗು ಬಂದಾಗ ಅದರಲ್ಲೇ ಒಂದನ್ನು ಬಳಸಿ ಎಂದು ಸುತ್ತೋಲೆ ಕಳಿಸಲಿ, ಅಂಗನವಾಡಿ ಕಾರ್ಯಕರ್ತೆಯರಿಗೂ ಆಶಾ ಕಾರ್ಯಕರ್ತೆಯರಿಗೂ ತಿಳಿಸಲಿ. ಇದಕ್ಕೆ ಹೊಸ ಟೆಂಡರ್ ಕರೆಯಬೇಕಿಲ್ಲ.

– ಮಕ್ಕಳ ಮೂತ್ರಪಿಂಡ ಚಿಕಿತ್ಸಾ ವಿಭಾಗವೊಂದರ ವೈದ್ಯರು ಮತ್ತು ಶುಶ್ರೂಷಾಧಿಕಾರಿಗಳು, ಬೆಂಗಳೂರು