ಗ್ರೀನ್ಸ್ ನೋಡ್ಕೊಳ್ಳೋ ಹುಡುಗನಿಗೆ ಮಾವನ ಪತ್ರ

ಪ್ರೀತಿಯ ಪುಟ್ಟಾ,

ಕೊಡಗಲ್ಲಿ ಗಾಲ್ಫ್ ಕೋರ್ಸಿನ ಗ್ರೀನ್ಸ್, ಅಂದ್ರೆ ಬಾಲ್ ಬೀಳೋ ಗುಂಡಿ ಸುತ್ತ ಸಣ್ಣಗೆ ಕಟ್ ಮಾಡಿರೋ ಹುಲ್ಲಿನ ಜಾಗ, ಪೂರ್ತಿ ನಿನ್ ಜವಾಬ್ದಾರಿಗೇ ಕೊಟ್ರಂತೆ, ನಿಮ್ಮಮ್ಮ ಹೇಳಿದ್ಲು, ತುಂಬಾ ಖುಷಿ ಆಯ್ತು. ಬಾಲ್ ಓಡ್ತಾನೇ ಇಲ್ಲ, ಇನ್ನೂ ಸಣ್ಣಗೆ ಕಟ್ ಮಾಡ್ಸಿ ಅಂತ ಮೆಂಬರ್ಸ್ ಆಗ್ಲೇ ಶುರು ಮಾಡಿದಾರಂತಲ್ಲ, ಅದಕ್ಕೇ ಕೂತು ಬರೀತಿದೀನಿ. ಮಳೆಗಾಲ ಮುಗಿಯೋವರೆಗೂ ಆ ಒಂದು ಮಾತಿಗೆ ಮಾತ್ರ ಬಗ್ಗಬೇಡ.

ನಿಮ್ಮಲ್ಲಿರೋದು ಟಿಫ್‌ಡ್ವಾರ್ಫ್, ಅಂದ್ರೆ ನಮ್ ಗರಿಕೆ ವಂಶದ್ದೇ, ಬಿಸಿಲು ಬಿದ್ರೆ ಸಾಕು ನುಗ್ತಾ ಬರತ್ತೆ. ಆದ್ರೆ ಜೂನ್ ಜುಲೈನಲ್ಲಿ ನಿಮ್ಕಡೆ ವಾರಗಟ್ಲೆ ಮೋಡ ಬಿಡಲ್ಲ, ಎಲೆಗೆ ಬೆಳಕೇ ಸಾಲ್ದೆ ಇರೋ ಹೊತ್ತಲ್ಲಿ 3 ಮಿಲಿಮೀಟರಿಗೆ ಬೋಳಿಸಿಬಿಟ್ರೆ ಆ ಹುಲ್ಲು ಏನು ತಿಂದು ಬದುಕ್ಬೇಕು ಹೇಳು, ಬೇರು ಗಿಡ್ಡ ಆಗತ್ತೆ, ಹುಲ್ಲು ತೆಳ್ಳಗಾದ ಕಡೆಯೆಲ್ಲ ಪಾಚಿ ಕೂರತ್ತೆ. ಮಳೆ ನಿಲ್ಲೋವರೆಗೂ 5ರ ಹತ್ರಾನೇ ಇಡು. ಸ್ಪೀಡ್ ಬೇಕು ಅಂದ್ರೆ ನೆಲ ಒಣಗಿರೋ ದಿನ ಲೈಟಾಗಿ ರೋಲರ್ ಹೊಡೆಸು. ಸ್ಟಿಂಪ್‌ಮೀಟರ್ ಇದೆ ಅಂದ್ಯಲ್ಲ, ಬಾಲ್ ಜಾರಿಸಿ ಗ್ರೀನ್ ಸ್ಪೀಡ್ ಅಳೆಯೋ ಪಟ್ಟಿ, 1935ರಲ್ಲಿ ಸ್ಟಿಂಪ್ಸನ್ ಅನ್ನೋರು ಮಾಡಿದ್ದು, ಸಮತಟ್ಟಾದ ಜಾಗ ನೋಡಿ ಆ ಕಡೆಗೂ ಈ ಕಡೆಗೂ ಬಾಲ್ ಬಿಟ್ಟು ಆವರೇಜ್ ಎಷ್ಟು ಅಡಿ ಬಂತು ಅಂತ ದಿನಾ ಬುಕ್ಕಲ್ಲಿ ಬರೆದಿಡು, ನಾಳೆ ಕಮಿಟಿ ಮುಂದೆ ಮಾತಾಡೋಕೆ ಅದೇ ನಿಂಗೆ ಆಧಾರ.

ಬ್ಲೇಡ್ ವಿಷ್ಯ ಯಾರಿಗೂ ಬಿಟ್ಕೊಡ್ಬೇಡ. ಬೆಳಿಗ್ಗೆ ಹುಲ್ಲು ಕಟ್ ಮಾಡೋ ಮಷಿನ್ ಹೊರಡೋ ಮುಂಚೆ ತಿರುಗೋ ಬ್ಲೇಡುಗಳ ರೀಲಿಗೂ ಕೆಳಗೆ ತಿರುಗದೆ ಕೂತಿರೋ ಬೆಡ್‌ನೈಫಿಗೂ ಮಧ್ಯೆ ಒಂದು ಪೇಪರ್ ಚೂರು ಹಿಡಿದು ರೀಲನ್ನ ನಿಧಾನಕ್ಕೆ ತಿರುಗಿಸು, ಈ ತುದಿಯಿಂದ ಆ ತುದಿವರೆಗೂ ಚಕ್ ಅಂತ ನೀಟಾಗಿ ಕಟ್ ಆಗ್ಬೇಕು, ಮಡಚ್ಕೊಂಡ್ರೆ ಅಥ್ವಾ ಹರಿದ್ರೆ ಆ ಮಷಿನ್ ಗ್ರೀನ್ ಮೇಲೆ ಹತ್ತೋದೇ ಬೇಡ. ಹರಿದ ಹುಲ್ಲಿನ ತುದಿ ಮಧ್ಯಾಹ್ನದ ಹೊತ್ತಿಗೆ ಬಿಳಚ್ಕೊಳತ್ತೆ, ಫಂಗಸ್ಸಿಗೂ ಅದೇ ದಾರಿ. ಕಟ್ಟಿಂಗ್ ದಿಕ್ಕನ್ನೂ ದಿನಾ ಬದಲಾಯಿಸು.

ಸಂಜೆ ನೀರು ಬಿಡ್ಬೇಡ, ರಾತ್ರಿಯೆಲ್ಲ ಎಲೆ ಒದ್ದೆ ಇದ್ರೆ ರೋಗ ಗ್ಯಾರಂಟಿ. ಬೆಳಗಿನ ಜಾವ ಬಿಡು, ಇಬ್ಬನಿ ಇದ್ರೆ ಉದ್ದ ಕೋಲಲ್ಲಿ ಸವರ್ಸಿ ಬೀಳ್ಸು. ಗೊಬ್ಬರ ಸ್ವಲ್ಪ ಸ್ವಲ್ಪಾನೇ, ಮೇಲಿಂದ ಮೇಲೆ ಕೊಡು, ಒಂದೇ ಸಲ ಯೂರಿಯಾ ಸುರಿದು ಹಸಿರು ಮಾಡಿ ತೋರ್ಸೋ ಆಸೆ ಬೇಡ.

ಗ್ರೀನ್ ತುಂಬಾ ತೂತು ಕೊರೆದು ಮಣ್ಣು ತೆಗೆಯೋ ಕೋರಿಂಗ್ ಅಂದ್ರೆ ಮೆಂಬರ್ಸ್ ಮುಖ ಗಂಟು ಹಾಕ್ತಾರೆ, ಗೊತ್ತು. ಆದ್ರೂ ಏಪ್ರಿಲ್ಲಲ್ಲಿ ಹುಲ್ಲು ಜೋರಾಗಿ ಬೆಳೀತಿರೋವಾಗ ಮಾಡಿಸ್ಲೇಬೇಕು, ದಿನಾ ತುಳಿದು ತುಳಿದು ಗಟ್ಟಿಯಾದ ನೆಲಕ್ಕೆ ಗಾಳಿ ಹೋಗೋಕೆ ಬೇರೆ ದಾರಿ ಎಲ್ಲಿದೆ? ತೂತಿಗೆ ತುಂಬೋ ಮರಳು ಗ್ರೀನ್ ಕಟ್ಟೋವಾಗ ಹಾಕಿದ್ರಲ್ಲ ಅದೇ ಸೈಜಿನದಾಗಿರ್ಲಿ. ಲೋಡ್ ಬಂದ್ರೆ ಮೊದ್ಲು ಒಂದು ಹಿಡಿ ಗಾಜಿನ ಬಾಟ್ಲಿಗೆ ಹಾಕಿ ನೀರು ತುಂಬಿ ಕುಲುಕಿಡು, ಮರಳು ತಕ್ಷಣ ಕೂತ್ಕೊಳತ್ತೆ, ನೀರು ತುಂಬಾ ಹೊತ್ತು ಕೆಂಪಗೇ ಇದ್ರೆ ಮಣ್ಣಿದೆ ಅಂತ ಅರ್ಥ, ಲಾರಿ ವಾಪಸ್ ಕಳ್ಸು. ಆ ಮಣ್ಣು ಒಂದ್ಸಲ ಒಳಗೆ ಹೋದ್ರೆ ನೀರಿಳಿಯೋ ದಾರಿ ಕಟ್ಕೊಳತ್ತೆ, ಆಮೇಲೆ ಅದನ್ನ ತೆಗೆಯೋದು ನಿನ್ ಕೈಲೂ ಆಗಲ್ಲ ಯಾರ ಕೈಲೂ ಆಗಲ್ಲ.

ಕ್ಯಾಡಿ ಹುಡುಗ್ರಿಗೆ ಬಾಲ್ ಬಿದ್ದು ಗುಳಿ ಆಗತ್ತಲ್ಲ, ಆ ಬಾಲ್ ಮಾರ್ಕ್ ರಿಪೇರಿ ನೀನೇ ಕೂತು ಕಲಿಸು. ಫೋರ್ಕ್ ಹಾಕಿ ಕೆಳಗಿಂದ ಮೇಲಕ್ಕೆತ್ತಿದ್ರೆ ಬೇರು ಕಿತ್ತೋಗತ್ತೆ, ಸುತ್ತಲಿಂದ ಹುಲ್ಲನ್ನ ಮಧ್ಯಕ್ಕೆ ತಳ್ಳಿ ಪಟರ್ ಕೋಲಲ್ಲಿ ಮೆತ್ತಗೆ ತಟ್ಬೇಕು.

ನಾಳೆ ಗುಂಡಿಯ ಕಪ್ ಜಾಗ ಬದಲಾಯಿಸೋವಾಗ ಬರತ್ತಲ್ಲ ಮಣ್ಣಿನ ಹೆಂಟೆ, ಅದರ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು ವಾಟ್ಸಾಪ್ ಮಾಡು. ಬೇರು ಎಷ್ಟು ಆಳ ಇಳಿದಿದೆ, ಕಪ್ಪು ಪದರ ಏನಾದ್ರೂ ಇದ್ಯಾ, ವಾಸ್ನೆ ಬರತ್ತಾ ಅನ್ನೋದನ್ನೂ ಬರಿ. ಅದನ್ನ ನೋಡಿ ಮುಂದೆ ಏನು ಮಾಡ್ಬೇಕು ಅಂತ ಫೋನಲ್ಲಿ ಹೇಳ್ತೀನಿ.

ಇಂತಿ,
ನಿನ್ನ ಮಾವ